ಅಪ್‌ಡೇಟ್: ಅವ್ವನ ಬೆರಳಿನ ಸಕ್ಕರೆ 212, ಲ್ಯಾಬಿನದು 161 ಬಂದಿದ್ದ ವಿಷಯ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಅವ್ವನಿಗೆ ಒಂದೇ ಬೆಳಿಗ್ಗೆ ಗ್ಲುಕೋಮೀಟರ್ 212, ಲ್ಯಾಬ್ 161 ತೋರಿಸಿದ್ದೇಕೆಂದು ಕಳೆದ ವಾರ ಕೇಳಿದ್ದೆ. ಈಗ ಗೊಂದಲ ಬಗೆಹರಿದಿದೆ.

ಸ್ಟ್ರಿಪ್ ಡಬ್ಬಿ ಬದಲಿಸಿರೆಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಹೊಸ ಡಬ್ಬಿಯಲ್ಲೂ ಅಂಕಿ ಹೆಚ್ಚೇ ಬಂತು. ಕೈ ತೊಳೆಸಿ ನೋಡಿದೆವು (ಬಾಳೆಹಣ್ಣು ಸುಲಿದ ಕೈಯೇ ಆಗಿತ್ತು, ನಾಚಿಕೆಯಾಯಿತು), ಆಗ ತುಸು ಇಳಿಯಿತು.

ನಿಜವಾದ ಸುಳಿವು ಸಿಕ್ಕಿದ್ದು ರಕ್ತಹೀನತೆಯನ್ನು ನೋಡಿ ಎಂದವರಿಂದ. ಅವ್ವನ ಹಿಮೋಗ್ಲೋಬಿನ್ 7.8, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 24 ಇತ್ತು. ಕೆಂಪು ರಕ್ತಕಣ ಕಡಿಮೆಯಾದಾಗ ಹನಿಯಲ್ಲಿ ಪ್ಲಾಸ್ಮಾದ (ರಕ್ತದ ದ್ರವಭಾಗದ) ಪಾಲು ಹೆಚ್ಚಿ, ಅನೇಕ ಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತವೆ ಎಂದು ವೈದ್ಯರು ಬಿಡಿಸಿ ಹೇಳಿದರು.

ನಾನು ಊಹಿಸಿರದ ಸಂಗತಿಯೆಂದರೆ ಲ್ಯಾಬಿನ ಅಂಕಿಯೂ ಪೂರ್ತಿ ನಿರ್ದೋಷಿಯಾಗಿರಲಿಲ್ಲ. ಟ್ಯೂಬಿನೊಳಗೂ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುವುದರಿಂದ, ಕಣಗಳನ್ನು ಬೇರ್ಪಡಿಸದೆ ಇಟ್ಟ ಮಾದರಿಯಲ್ಲಿ ಸಕ್ಕರೆ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆಯಂತೆ. ನಮ್ಮದು ವಾರ್ಡಿನ ಟ್ರೇನಲ್ಲಿ ಎರಡು ಗಂಟೆ ಕಾದಿತ್ತು. ಸಕ್ಕರೆ ಇಳಿಯದಿರಲೆಂದೇ ಬಳಸುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಕೂಡ ಈ ಇಳಿಕೆಯನ್ನು ತಕ್ಷಣ ತಡೆಯುವುದಿಲ್ಲ.

ಗುರುವಾರ ಸಿಸ್ಟರ್ ಡ್ರಿಪ್ ಇಲ್ಲದ ಕೈಯಿಂದ, ಉಪವಾಸದಲ್ಲಿ, ಎರಡನ್ನೂ ಒಂದೇ ಹೊತ್ತಿಗೆ ತೆಗೆದು ಟ್ಯೂಬನ್ನು ಕೂಡಲೇ ಕಳುಹಿಸಿದರು: ಮೀಟರ್ 196, ಲ್ಯಾಬ್ 172. ನೂರಕ್ಕಿಂತ ಮೇಲಿನ ಅಂಕಿಗಳಿಗೆ ಗ್ಲುಕೋಮೀಟರ್‌ಗಳ ನಿಖರತೆಗಿರುವ 2013ರ ಐಎಸ್ಒ (ಅಂತರರಾಷ್ಟ್ರೀಯ) ಮಾನದಂಡ ಲ್ಯಾಬಿನ ಅಂಕಿಯಿಂದ 15 ಶೇಕಡಾ ಅಂತರವನ್ನು ಒಪ್ಪುತ್ತದೆ, ಇದು 14. ರಕ್ತ ಸುಧಾರಿಸುವವರೆಗೆ ಇನ್ಸುಲಿನ್ ಪ್ರಮಾಣವನ್ನು ಲ್ಯಾಬಿನ ಅಂಕಿ ನೋಡಿಯೇ ನಿರ್ಧರಿಸುವುದಾಗಿ ವೈದ್ಯರು ಕೇಸ್ ಶೀಟಿನಲ್ಲಿ ಬರೆದಿದ್ದಾರೆ.