‘ಸುಪೋಷಣೆ’ಯೋ, ಕೆರೆ ಸೊಕ್ಕುವುದೋ?

ಪ್ರಶ್ನೆ (ಕಾರವಾರ): ಕೆರೆ ಶುದ್ಧೀಕರಣದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಯೂಟ್ರೊಫಿಕೇಶನ್‌ಗೆ (ನೀರಿನಲ್ಲಿ ಪೋಷಕಾಂಶ ಹೆಚ್ಚಾಗಿ ಪಾಚಿ ಮಿತಿಮೀರುವುದಕ್ಕೆ) ‘ಸುಪೋಷಣೆ’ ಎಂದು ಬರೆದರೆ ಕೆರೆಗೆ ಒಳ್ಳೆಯದೇ ಆಯಿತು ಎಂಬ ಅರ್ಥ ಬರುತ್ತದೆ. ಇಂಟರ್ನಲ್ ಲೋಡಿಂಗ್‌ಗೆ ‘ಆಂತರಿಕ ಹೊರೆ’ ಎಂದದ್ದೂ ಹಿಡಿಸುತ್ತಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ (ಶಿರಸಿ): ಗ್ರೀಕಿನಲ್ಲಿ ‘ಯೂ’ ಎಂದರೆ ಒಳ್ಳೆಯದು, ‘ಟ್ರೊಫೆ’ ಎಂದರೆ ಪೋಷಣೆ. ‘ಸುಪೋಷಣೆ’ ಅದರ ಪಡಿಯಚ್ಚು. ಪದ ಸರಿಯಿದ್ದೂ ಅರ್ಥ ದಾರಿ ತಪ್ಪಿಸುತ್ತದೆ. ಗೊಬ್ಬರ ಹೆಚ್ಚಾದ ಪೈರಿಗೆ ‘ಸೊಕ್ಕಿ ಬೆಳೆದಿದೆ’ ಅನ್ನುತ್ತೇವಲ್ಲ, ಕೆರೆಯಲ್ಲಿ ಆಗುವುದೂ ಅದೇ. ಚರಂಡಿಯಿಂದ, ಗದ್ದೆ-ತೋಟದಿಂದ ರಂಜಕ (ಫಾಸ್ಫರಸ್), ಸಾರಜನಕ ಇಳಿದು ಪಾಚಿ ಸೊಕ್ಕುತ್ತದೆ. ‘ಕೆರೆ ಸೊಕ್ಕುವುದು’ ಎಂದೇ ಬರೆಯಿರಿ.

ಎರಡನೆಯದಕ್ಕೆ, ಅಂದರೆ ಹೂಳಿನಲ್ಲಿ ಕೂಡಿಕೊಂಡ ರಂಜಕ ಮತ್ತೆ ನೀರಿಗೆ ಬರುವುದಕ್ಕೆ, ‘ಹೂಳಿನ ಹಳೆಬಾಕಿ’ ಇರಲಿ. ಹೊಸ ಸಾಲ ನಿಲ್ಲಿಸಿದ ಮಾತ್ರಕ್ಕೆ ಸೊಸೈಟಿಯ ಹಳೆಬಾಕಿ ತೀರುವುದಿಲ್ಲ. ಚರಂಡಿ ತಿರುಗಿಸಿದ ಮೇಲೂ ಕೆರೆ ಹಸಿರಾಗಿಯೇ ಇರುವುದಕ್ಕೆ ಕಾರಣ ಇದು. ಹೂಳಿನಲ್ಲಿರುವ ಕಬ್ಬಿಣವು ಆಮ್ಲಜನಕ ಇರುವತನಕ ರಂಜಕವನ್ನು ಹಿಡಿದಿಟ್ಟಿರುತ್ತದೆ. ಬೇಸಿಗೆಯಲ್ಲಿ ತಳಕ್ಕೆ ಉಸಿರು ಕಟ್ಟಿದಾಗ ಆ ಹಿಡಿತ ಸಡಿಲಾಗಿ ರಂಜಕ ನೀರಿಗೆ ಬರುತ್ತದೆ. ಆಳವಿಲ್ಲದ ಕೆರೆಯಲ್ಲಿ ಗಾಳಿ ಅದನ್ನು ಮೇಲಿನವರೆಗೂ ಕಲಕುತ್ತದೆ. ಸಾಮಾನ್ಯ ಗೆಂಡೆ ಮೀನು ಹೂಳು ಕೆದಕಿ ಇನ್ನಷ್ಟು ಎಬ್ಬಿಸುತ್ತದೆ. ಯುರೋಪಿನ ಎಷ್ಟೋ ಕೆರೆಗಳಲ್ಲಿ ಈ ಬಾಕಿ ತೀರಲು 10–15 ವರ್ಷ ಹಿಡಿದಿದೆ. ‘ಹೊರೆ’ ಎಂದರೆ ಈ ಕಾಲದ ಲೆಕ್ಕ ಕಾಣುವುದಿಲ್ಲ, ‘ಬಾಕಿ’ ಎಂದರೆ ಕಾಣುತ್ತದೆ.

ಕೈಪಿಡಿಯಲ್ಲಿ ಪಟಿಕ ಹಾಕುವ ಭಾಗವಿದ್ದರೆ ‘ನೀರು ತಿಳಿಯಾಗಿಸುವ’ ಎಂದಷ್ಟೇ ಬರೆಯಬೇಡಿ, ‘ರಂಜಕ ಕಟ್ಟಿಹಾಕುವ’ ಎಂದು ಬರೆಯಿರಿ. ಜಂಬಿಟ್ಟಿಗೆ ಮಣ್ಣಿನ ಸೀಮೆಯ ನೀರು ಮೆದು, ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಪಟಿಕದಿಂದ ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಮೀನು ಸಾಯುತ್ತವೆ. ಮೊದಲು ಅದೇ ಕೆರೆಯ ನೀರನ್ನು ಲೀಟರ್ ಬಾಟಲಿಗಳಲ್ಲಿ ತುಂಬಿ, ಬೇರೆ ಬೇರೆ ಪ್ರಮಾಣ ಹಾಕಿ ಪಿಎಚ್ ಅಳೆಯಬೇಕು. ಈ ಎಚ್ಚರಿಕೆ ಅಡಿಟಿಪ್ಪಣಿಗೆ ಹೋಗದೆ ಮುಖ್ಯ ಪಠ್ಯದಲ್ಲೇ ಇರಲಿ.

ನೀವು ಕೇಳದ ಇನ್ನೊಂದು ಮಾತು. ‘ಕಲುಷಿತ’ ಎಂಬ ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸಬೇಡಿ. ಗಾಜಿನ ಭರಣಿಯಲ್ಲಿ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಡಿ. ಕಂದು ಮಣ್ಣು ತಳಕ್ಕಿಳಿದರೆ ಅದು ಬಗ್ಗಡ. ಹಸಿರು ತಳಕ್ಕಿಳಿದರೆ ಹೆಚ್ಚಾಗಿ ಸಾಮಾನ್ಯ ಪಾಚಿ. ಬಣ್ಣ ಚೆಲ್ಲಿದ ಹಾಗೆ ಹಸಿರು ಪದರ ಮೇಲೆ ಕಟ್ಟಿದರೆ ನೀಲಿ-ಹಸಿರು ಪಾಚಿಯ ಸಂಶಯ. ಅದರಲ್ಲಿ ಕೆಲವು ವಿಷಕಾರಿ, ದನ ಕುಡಿಯಬಾರದು. ಕೋಲಿಗೆ ನೂಲಿನ ಹಾಗೆ ಸುತ್ತಿಕೊಂಡು ಬರುವುದು ಬೇರೆ ಜಾತಿ, ಅದಕ್ಕೆ ‘ನೂಲುಪಾಚಿ’ ಸಾಕು.