ಮೈಸೂರಿನ ಹಳೇ ಹೋಟೆಲಲ್ಲಿ ಅಪ್ಪ ಅಮ್ಮನ ಜೊತೆ ಎರಡು ರಾತ್ರಿ: ಬುಕ್ ಮಾಡುವ ಮೊದಲು ಏನೇನು ಕೇಳಬೇಕು?

ಪ್ರಶ್ನೆ (ಹುಬ್ಬಳ್ಳಿಯಿಂದ ಒಬ್ಬ ಸದಸ್ಯೆ):

ನಮಸ್ಕಾರ ಸರ್. ನೀವು ಮೈಸೂರಿನ ದೊಡ್ಡ ಹೋಟೆಲ್‌ಗಳಲ್ಲಿ ತುಂಬಾ ವರ್ಷ ಫ್ರಂಟ್ ಆಫೀಸ್ ನೋಡಿಕೊಂಡವರು ಅಂತ ಗುಂಪಿನಲ್ಲಿ ಓದಿದೆ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತಿದೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಮೈಸೂರಿಗೆ ಹೋಗಿದ್ದರು. ಉಳಿದಿದ್ದು ಛತ್ರದಲ್ಲಿ. ದಾರಿಯಲ್ಲಿ ರಾಜರ ಕಾಲದ ಒಂದು ದೊಡ್ಡ ಹೋಟೆಲ್ ಕಂಡಿತಂತೆ. "ಇಲ್ಲಿ ಒಂದು ರಾತ್ರಿ ಮಲಗಬೇಕು ನೋಡು" ಅಂದಿದ್ದರಂತೆ ಅಪ್ಪ. ಅಮ್ಮ ಈಗಲೂ ಆ ಮಾತು ಹೇಳಿ ನಗುತ್ತಾಳೆ. ಆ ರಾತ್ರಿ ನಾನು ಕೊಡಿಸಬೇಕು ಅಂತ ಆಸೆ.

ಅಪ್ಪನಿಗೆ 76. ಮಂಡಿನೋವು ಇದೆ, ಕೋಲು ಹಿಡಿದು ನಡೆಯುತ್ತಾರೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ರೈಲು ಇಳಿಯುತ್ತೇವೆ, ಆದರೆ ಹೋಟೆಲಿನವರು ಮಧ್ಯಾಹ್ನ ಎರಡಕ್ಕೆ ರೂಮ್ ಅನ್ನುತ್ತಾರೆ. ಅರಮನೆ ದೀಪ ನೋಡಬೇಕು. ಹಳೇ ಕಟ್ಟಡದ ಹೋಟೆಲ್ ಒಳ್ಳೆಯದಾ, ಹೊಸದಾಗಿ ಕಟ್ಟಿದ ಸ್ಟಾರ್ ಹೋಟೆಲ್ ಒಳ್ಳೆಯದಾ? ದುಡ್ಡು ಕೂಡಿಸಿಟ್ಟಿದ್ದೇನೆ. ಆದರೆ ಒಂದೇ ಸಲ ಖರ್ಚು ಮಾಡುವ ದುಡ್ಡು ಇದು, ತಪ್ಪಾಗಬಾರದು.

ಉತ್ತರ:

ಮೇಡಂ, ಮೊದಲು ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ ಹೇಳಿ. ಐವತ್ತು ವರ್ಷದ ಹಿಂದಿನ ಮಾತು ನೆನಪಿಟ್ಟುಕೊಂಡು ಹೊರಟಿದ್ದೀರಿ. ನಾನೂ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತಂದೆಯವರು ನೋಡಿದ್ದು ಯಾವ ಹೋಟೆಲ್ ಅಂತ ಒಂದು ಸಲ ಕೇಳಿ. ಆ ಕಾಲದಲ್ಲಿ ರಾಜರ ಕಟ್ಟಡದಲ್ಲಿ ನಡೆಯುತ್ತಿದ್ದ ಹೋಟೆಲ್ ಅಂದರೆ ಮುಖ್ಯವಾಗಿ ಎರಡು ಹೆಸರು ಬರುತ್ತವೆ. ಒಂದು ಮೆಟ್ರೋಪೋಲ್. 1920ರಲ್ಲಿ ನಾಲ್ವಡಿಯವರು ಬ್ರಿಟಿಷ್ ಅತಿಥಿಗಳಿಗೆ ಅಂತ ಕಟ್ಟಿಸಿದ್ದು, ರೈಲ್ವೆ ಸ್ಟೇಷನ್‌ಗೆ ಹತ್ತಿರ. ಇನ್ನೊಂದು ಲಲಿತ ಮಹಲ್. 1921ರಲ್ಲಿ ಅಡಿಗಲ್ಲು ಬಿದ್ದಿದ್ದು, ವೈಸ್‌ರಾಯ್ ಬಂದಾಗ ಉಳಿಯಲಿ ಅಂತ ಕಟ್ಟಿಸಿದ ಅರಮನೆ. ಅದು ಹೋಟೆಲ್ ಆಗಿದ್ದು 1974ರಲ್ಲಿ. ಅಂದರೆ ನಿಮ್ಮ ತಂದೆಯವರು ಬಂದಾಗ ಹೊಸದಾಗಿ ಶುರುವಾಗಿತ್ತು. ಆದರೆ ಲಲಿತ ಮಹಲ್ ಚಾಮುಂಡಿ ಬೆಟ್ಟದ ಕಡೆ ಇದೆ. ಅಲ್ಲಿಂದ ಅರಮನೆಗೋ ಮಾರ್ಕೆಟ್ಟಿಗೋ ನಡೆದು ಹೋಗುವ ಮಾತಿಲ್ಲ, ಪ್ರತಿ ಸಲ ಗಾಡಿ ಬೇಕು.

ಹಳೇದಾ ಹೊಸದಾ ಅಂತ ಕೇಳಿದಿರಿ. ನನ್ನ ಕೇಳಿದರೆ ಹಳೇದು. ಹೊಸ ಹೋಟೆಲ್‌ನಲ್ಲಿ ನಾಲ್ಕನೇ ಮಹಡಿ ರೂಮೂ ಐದನೇ ಮಹಡಿ ರೂಮೂ ಒಂದೇ. ಹಳೇ ಕಟ್ಟಡದಲ್ಲಿ ಹಾಗಲ್ಲ. ಒಂದೇ ದರದ ಎರಡು ರೂಮ್, ಒಂದರಲ್ಲಿ ರಾಜನ ಹಾಗೆ ಇರಬಹುದು, ಇನ್ನೊಂದರಲ್ಲಿ ರಾತ್ರಿಯೆಲ್ಲ ಒದ್ದಾಡಬಹುದು. ಆದ್ದರಿಂದ ಹೋಟೆಲ್ ಆರಿಸಿ ನಿಲ್ಲಿಸಬೇಡಿ, ರೂಮನ್ನೂ ಆರಿಸಿ. ಆ್ಯಪ್‌ನಲ್ಲಿ ದರ ನೋಡಿ, ಆಮೇಲೆ ಹೋಟೆಲಿಗೇ ಫೋನ್ ಮಾಡಿ ಡ್ಯೂಟಿ ಮ್ಯಾನೇಜರ್ ಜೊತೆ ಮಾತಾಡಿ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ನಮ್ಮ ಕೈಗೆ ಬರುವುದು ಹೆಸರು, ತಾರೀಕು, ರೂಮ್ ಯಾವ ದರ್ಜೆಯದು, ಅಷ್ಟೇ. ನಿಮ್ಮ ತಂದೆಯವರ ಮಂಡಿ ವಿಷಯ ನಮಗೆ ಹೇಗೆ ಗೊತ್ತಾಗಬೇಕು?

ಇದನ್ನು ನಾನು ಕಲಿತಿದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ವಯಸ್ಸಾದ ದಂಪತಿ ಬಂದರು. ಖುಷಿಪಡಲಿ ಅಂತ ಮೇಲಿನ ಮಹಡಿಯ ದೊಡ್ಡ ಸೂಟ್‌ಗೆ ಅಪ್‌ಗ್ರೇಡ್ ಮಾಡಿದೆ. ಆ ಕಟ್ಟಡದಲ್ಲಿ ಲಿಫ್ಟ್ ಇರಲಿಲ್ಲ. ಅಜ್ಜಿ ಒಂದು ಸಲ ಮೆಟ್ಟಿಲು ಹತ್ತಿದರು, ಮತ್ತೆ ಮಾರನೇ ದಿನದವರೆಗೂ ಕೆಳಗೆ ಇಳಿಯಲಿಲ್ಲ. ಮೂರೂ ಹೊತ್ತು ಊಟ ರೂಮಿಗೇ ಹೋಯಿತು. ಹೊರಡುವಾಗ ನನ್ನ ಕೈ ಹಿಡಿದು "ರೂಮ್ ಬಹಳ ಚೆನ್ನಾಗಿತ್ತಪ್ಪ" ಅಂದರು. ಮೈಸೂರು ನೋಡಲಿಲ್ಲ ಅಂತ ಅವರು ಹೇಳಲಿಲ್ಲ. ನನಗೆ ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಹಾಗಾಗಿ ನಿಮಗೆ ಬೇಕಾಗಿರುವುದು ನೆಲಮಹಡಿ ರೂಮ್. ಅಷ್ಟೇ ಸಾಲದು, ಬಾತ್‌ರೂಮಿನ ಹೊಸ್ತಿಲು ಎಷ್ಟು ಎತ್ತರ ಅಂತ ಕೇಳಿ. ಯಾರೂ ಇದನ್ನು ಕೇಳುವುದಿಲ್ಲ. ಹಳೇ ಕಟ್ಟಡಗಳಲ್ಲಿ ಎಷ್ಟೋ ರೂಮಿಗೆ ಬಾತ್‌ರೂಮ್ ಸೇರಿಸಿದ್ದು ಆಮೇಲೆ. ನೀರು ಹರಿಯುವ ಪೈಪ್‌ಗೆ ಇಳಿಜಾರು ಬೇಕು, ಹಳೇ ನೆಲ ಅಗೆಯುವ ಹಾಗಿಲ್ಲ. ಅದಕ್ಕೆ ಬಾತ್‌ರೂಮಿನ ನೆಲವನ್ನೇ ಎತ್ತರಿಸುತ್ತಾರೆ. ಕೆಲವು ಕಡೆ ಒಂದು ಗೇಣು ಹತ್ತಿ ಒಳಗೆ ಹೋಗಬೇಕು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರು ಎಡವುವುದು ಅಲ್ಲೇ. ಕಮೋಡ್ ಪಕ್ಕ ಹಿಡಿಕೆ ಇದೆಯಾ ಅಂತಲೂ ಕೇಳಿ. ಮಂಚದ ಎತ್ತರವನ್ನೂ ಕೇಳಿ, ಹಳೇ ಕಾಲದ ನಾಲ್ಕು ಕಂಬದ ಮಂಚ ಕೆಲವು ಸೊಂಟದ ಮಟ್ಟ ಇರುತ್ತವೆ. ಮೊದಲೇ ಹೇಳಿದರೆ ಕಾಲಿಡಲು ಗಟ್ಟಿ ಮಣೆ ಇಟ್ಟಿರುತ್ತಾರೆ.

ಇನ್ನು ಒಂಬತ್ತು ಗಂಟೆ ವಿಷಯ. ನೀವು ಭಾನುವಾರ ಬಂದು ಭಾನುವಾರ, ಸೋಮವಾರ ಎರಡು ರಾತ್ರಿ ಇರಿ. ಸಾಮಾನ್ಯವಾಗಿ ಶನಿವಾರ ರಾತ್ರಿ ನಮ್ಮ ಹೋಟೆಲ್‌ಗಳು ತುಂಬುತ್ತವೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಗಾಡಿಗಳೆಲ್ಲ ವಾಪಸ್ ಹೊರಡುತ್ತವೆ. ಆ ರಾತ್ರಿಯ ದರ ಇಳಿದಿರುತ್ತದೆ, ಒಳ್ಳೆಯ ರೂಮ್ ಆರಿಸಿಕೊಳ್ಳಲೂ ಸಿಗುತ್ತದೆ. ಅರಮನೆ ದೀಪ ಹಚ್ಚುವುದೂ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ. ಎರಡೂ ಒಟ್ಟಿಗೆ ಕೂಡಿ ಬರುತ್ತವೆ.

ಆದರೆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ರೂಮ್ ಸಿಗುವುದು ಕಷ್ಟ. ಹಿಂದಿನ ರಾತ್ರಿಯವರು ಇನ್ನೂ ತಿಂಡಿ ತಿನ್ನುತ್ತಿರುತ್ತಾರೆ. ಅದಕ್ಕೆ "ವಾಶ್ ಅಂಡ್ ಚೇಂಜ್ ರೂಮ್ ಕೊಡುತ್ತೀರಾ" ಅಂತ ಮೊದಲೇ ಕೇಳಿ. ಸ್ನಾನ ಮಾಡಿ ಬಟ್ಟೆ ಬದಲಿಸಲು ಒಂದು ಗಂಟೆ ಖಾಲಿ ರೂಮ್ ಬಿಟ್ಟುಕೊಡುವುದು ನಮ್ಮಲ್ಲಿ ವಾಡಿಕೆ. ಬ್ಯಾಗ್ ಬೆಲ್ ಬಾಯ್ ಹತ್ತಿರ ಕೊಟ್ಟು, ತಿಂಡಿ ತಿಂದು, ವರಾಂಡದ ಬೆತ್ತದ ಕುರ್ಚಿಯಲ್ಲಿ ಆರಾಮಾಗಿ ಕೂರಿ. ಹಿರಿಯರು ಕಾಯುತ್ತಿದ್ದಾರೆ ಅಂತ ಕಂಡರೆ ಹೌಸ್‌ಕೀಪಿಂಗ್‌ನವರು ಮೊದಲು ಆ ರೂಮಿಗೇ ಕೈ ಹಾಕುತ್ತಾರೆ.

ಇನ್ನೊಬ್ಬ ಸದಸ್ಯರು (ಬೆಂಗಳೂರು):

ಸರ್, ಬಿಲ್ ಬಗ್ಗೆ ಒಂದು ಸಂದೇಹ. ಹೋದ ಸಲ ನಾವು ಬೇರೆ ಊರಿನಲ್ಲಿ ಉಳಿದಾಗ ಹೇಳಿದ್ದಕ್ಕಿಂತ ಜಾಸ್ತಿ ಬಂತು. ಟ್ಯಾಕ್ಸ್ ಲೆಕ್ಕ ಹೇಗೆ?

ಉತ್ತರ:

2025ರ ಸೆಪ್ಟೆಂಬರ್ 22ರಿಂದ ಒಂದು ದಿನದ ರೂಮ್ ದರ 1,000 ದಾಟಿ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ 5 ಪರ್ಸೆಂಟ್. 7,500 ದಾಟಿದರೆ 18. ಈ ಗೆರೆ ಚೆನ್ನಾಗಿ ನೆನಪಿಟ್ಟುಕೊಳ್ಳಿ. 7,400ರ ರೂಮಿಗೆ ಟ್ಯಾಕ್ಸ್ ಸೇರಿ 7,770 ಆಗುತ್ತದೆ. 7,600ರ ರೂಮಿಗೆ 8,968. ದರದಲ್ಲಿ ಇನ್ನೂರು ರೂಪಾಯಿ ವ್ಯತ್ಯಾಸ, ಕೈಯಿಂದ ಹೋಗುವುದು ಸುಮಾರು ಸಾವಿರದ ಇನ್ನೂರು! ಗೆರೆಯ ಹತ್ತಿರ ಇದ್ದರೆ "ಸ್ವಲ್ಪ ಇಳಿಸಿ ಕೊಡಿ" ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಎಕ್ಸ್‌ಟ್ರಾ ಬೆಡ್, ತಿಂಡಿ ಎಲ್ಲ ಸೇರಿ, ಟ್ಯಾಕ್ಸ್ ಸೇರಿ, ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ.

ಊಟದ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ದರೆ ಅದು ಟ್ಯಾಕ್ಸ್ ಅಲ್ಲ. ಕೇಳದೆ ಸೇರಿಸುವ ಹಾಗಿಲ್ಲ ಅಂತ 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅನ್ನಬಹುದು. ಸೇವೆ ಮನಸ್ಸಿಗೆ ಹಿಡಿಸಿದರೆ ರೂಮ್ ಬಾಯ್‌ಗೆ ನಿಮ್ಮ ಕೈಯಾರೆ ಕೊಡಿ.

ಇನ್ನೊಬ್ಬ ಸದಸ್ಯರು (ದಾವಣಗೆರೆ):

ಬೇಜಾರು ಮಾಡಿಕೊಳ್ಳಬೇಡಿ ಸರ್, ಆದರೆ ಹಳೇ ಕಟ್ಟಡಕ್ಕೆ ಯಾಕೆ ಅಷ್ಟು ದುಡ್ಡು? ವೈಫೈ ಸರಿ ಬರಲ್ಲ, ಬಿಸಿನೀರು ಬೇಗ ಬರಲ್ಲ. ಅರ್ಧ ದುಡ್ಡಿಗೆ ಹೊಸ ಹೋಟೆಲ್ ಸಿಗುತ್ತದೆ ಅಲ್ವಾ?

ಉತ್ತರ:

ಬೇಜಾರೇನಿಲ್ಲ. ನೀವು ಹೇಳಿದ ಎರಡೂ ನಿಜ. ಗೋಡೆ ಅಷ್ಟು ದಪ್ಪ ಇದ್ದರೆ ಸಿಗ್ನಲ್ ಒಳಗೆ ನುಗ್ಗಲ್ಲ. ಬಾಯ್ಲರ್ ದೂರ ಇದ್ದರೆ ನಲ್ಲಿ ಬಿಟ್ಟು ಎರಡು ಮೂರು ನಿಮಿಷ ಕಾಯಬೇಕು. ಕಚೇರಿ ಕೆಲಸಕ್ಕೆ ಬಂದು ರಾತ್ರಿ ಮಲಗಿ ಹೋಗುವವರಾದರೆ ನೀವು ಹೊಸ ಹೋಟೆಲಿಗೇ ಹೋಗಿ.

ಆದರೆ ದುಡ್ಡು ಯಾಕೆ ಅಂತ ಕೇಳಿದಿರಿ, ಅದಕ್ಕೆ ಹೇಳುತ್ತೇನೆ. ರೂಮಿಗೆ ಹೋದ ತಕ್ಷಣ ತಲೆ ಎತ್ತಿ ನೋಡಿ. ಹಳೇ ಕಟ್ಟಡಗಳಲ್ಲಿ ಹಲವು ಕಡೆ ಮದ್ರಾಸ್ ತಾರಸಿ ಇರುತ್ತದೆ. ತೇಗದ ತೊಲೆ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಸಿಮೆಂಟ್ ಇಲ್ಲ, ಕಬ್ಬಿಣದ ಸರಳಿಲ್ಲ. ಒಂದು ಮಳೆಗಾಲ ಮೇಲೆ ನೀರು ನಿಂತರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯಲು ಶುರುವಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಗೆದ್ದಲು ಬೇರೆ. ಇದಕ್ಕೆ ಸಿಮೆಂಟ್ ಮೆತ್ತಿದರೆ ಗೋಡೆಗೆ ಉಸಿರಾಡಲು ಆಗದೆ ಇನ್ನೂ ಹಾಳಾಗುತ್ತದೆ. ಸುಣ್ಣ ಅರೆದು ಗಾರೆ ಮಾಡುವ ಮೇಸ್ತ್ರಿಗಳು ಈಗ ಹುಡುಕಿದರೂ ಸಿಗುವುದು ಕಡಿಮೆ.

ನೋಡಿಕೊಳ್ಳದಿದ್ದರೆ ಏನಾಗುತ್ತದೆ ಅಂತ ನಾವು ಮೈಸೂರಿನವರು ಕಣ್ಣಾರೆ ಕಂಡಿದ್ದೇವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಆ ಎರಡೂ ಜಾಗದ ಮುಂದೆ ಹಾದು ಹೋಗುವಾಗ ನನಗೆ ಸಂಕಟವಾಗುತ್ತದೆ. ಹಳೇ ಕಟ್ಟಡದಲ್ಲಿ ಚೆನ್ನಾಗಿ ನಡೆಯುವ ಹೋಟೆಲ್ ಇದ್ದರೆ ಆ ಕಟ್ಟಡ ಉಳಿಯುತ್ತದೆ. ಪ್ರತಿ ವರ್ಷ ಯಾರೋ ಒಬ್ಬರು ತಾರಸಿ ಹತ್ತಿ ನೋಡುತ್ತಾರೆ. ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ಇನ್ನೊಂದು, ಊರ ನಡುವೆ ಉಳಿದರೆ ಬೆಳಗ್ಗೆ ನಿಮ್ಮದಾಗುತ್ತದೆ. ಆರೂವರೆಗೆ ಎದ್ದು ದೇವರಾಜ ಮಾರ್ಕೆಟ್ಟಿಗೆ ಹೋಗಿ. ಬೆಂಗಳೂರಿನಿಂದ ಹೊರಟವರು ಇನ್ನೂ ದಾರಿಯಲ್ಲಿರುತ್ತಾರೆ. ಒದ್ದೆ ಗೋಣಿಚೀಲದ ಮೇಲೆ ಮಲ್ಲಿಗೆ ಮೊಗ್ಗು ರಾಶಿ ಹಾಕಿರುತ್ತಾರೆ. ಹೂವಿನವರು ಕೈ ಚಾಚಿ ಮಾರು ಅಳೆಯುವಾಗ ನೀರಿನ ಹನಿ ನಿಮ್ಮ ಮೇಲೂ ಬೀಳುತ್ತದೆ. ಆಚೆ ಸಾಲಿನಲ್ಲಿ ಮೈಸೂರು ವೀಳ್ಯದೆಲೆ, ಇನ್ನೊಂದು ಕಡೆ ನಂಜನಗೂಡು ರಸಬಾಳೆ. ಅಲ್ಲಿಂದ ಈಚೆ ಬಂದರೆ ಚಿಕ್ಕ ಗಡಿಯಾರ, ಇನ್ನೂ ಸ್ವಲ್ಪ ಮುಂದೆ ಕೆ.ಆರ್. ಸರ್ಕಲ್. ಹನ್ನೊಂದು ಗಂಟೆಗೆ ಅದೇ ಜಾಗದಲ್ಲಿ ಕಾಲಿಡಲು ಆಗಲ್ಲ.

ಹುಬ್ಬಳ್ಳಿಯ ಸದಸ್ಯೆ:

ಸರ್, ನೀವು ಬರೆದಿದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪನಿಗೆ ನೆನಪಿರುವುದು ಬಿಳಿ ಕಮಾನು ಮಾತ್ರ. ಹೆಸರು ನೆನಪಿಲ್ಲ. ಇನ್ನೆರಡು ಪ್ರಶ್ನೆ. ಅರಮನೆ ಕಾಣುವ ರೂಮ್ ಅಂತ ಜಾಸ್ತಿ ದುಡ್ಡು ಕೇಳುತ್ತಿದ್ದಾರೆ, ಕೊಡಬಹುದಾ? ಅಪ್ಪ ರಾತ್ರಿ ಏಳೂವರೆಗೇ ಊಟ ಮಾಡುವವರು, ಮಸಾಲೆ ಆಗಲ್ಲ. ಏನು ಮಾಡುವುದು?

ಉತ್ತರ:

ಅರಮನೆ ಕಾಣುವ ರೂಮ್ ಅಂದರೆ ಆ ರೂಮಿನ ಕಿಟಕಿಯಿಂದಲೇ ತೆಗೆದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅನ್ನಿ. ಕೆಲವು ಕಡೆ ಮರಗಳ ಮೇಲೆ ಗೋಪುರದ ತುದಿ ಮಾತ್ರ ಕಾಣುತ್ತದೆ. ಆ ದುಡ್ಡನ್ನು ನೆಲಮಹಡಿಯ ಒಳ್ಳೆಯ ರೂಮಿಗೆ ಹಾಕಿ. ರಸ್ತೆ ಕಡೆ ಬೇಡ, ತೋಟದ ಕಡೆ ಕೇಳಿ. ಹಳೇ ಮರದ ಕಿಟಕಿಗಳ ಸಂದಿನಲ್ಲಿ ಬಸ್ಸಿನ ಹಾರ್ನ್ ನೇರವಾಗಿ ಮಂಚಕ್ಕೇ ಬರುತ್ತದೆ.

ದೀಪ ನೋಡಲು ಅರಮನೆ ಹತ್ತಿರವೇ ಹೋಗಿ. ಏಳಕ್ಕೆ ಹಚ್ಚುತ್ತಾರೆ, ಆರೂವರೆಗೇ ತಲುಪಿರಿ. ಹೋಟೆಲಿನಿಂದ ಗಾಲಿಕುರ್ಚಿ ಮತ್ತು ಮಡಚುವ ಕುರ್ಚಿ ಕೇಳಿ ತೆಗೆದುಕೊಂಡು ಹೋಗಿ, ನಿಂತು ನಿಂತು ಮಂಡಿ ಹಿಡಿದುಕೊಳ್ಳುತ್ತದೆ. ಕತ್ತಲಾಗುತ್ತಾ ಬಂದಿರುತ್ತದೆ, ಅರಮನೆ ಬೂದುಬಣ್ಣದಲ್ಲಿ ನಿಂತಿರುತ್ತದೆ. ಇದ್ದಕ್ಕಿದ್ದ ಹಾಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತಿಕೊಳ್ಳುತ್ತವೆ. ಸುತ್ತ ಇರುವ ಜನರೆಲ್ಲ ಒಟ್ಟಿಗೆ "ಓ" ಅನ್ನುತ್ತಾರೆ. ನಾನು ನೂರಾರು ಸಲ ನೋಡಿದ್ದೇನೆ, ಈಗಲೂ ಮೈ ಜುಮ್ ಅನ್ನುತ್ತದೆ. ಆ ಕ್ಷಣ ಅರಮನೆ ಫೋಟೋ ತೆಗೆಯಬೇಡಿ, ನಿಮ್ಮ ಅಪ್ಪ ಅಮ್ಮನ ಮುಖದ ಫೋಟೋ ತೆಗೆಯಿರಿ.

ಊಟಕ್ಕೆ ಬೆಳಗ್ಗೆಯೇ ಕಿಚನ್‌ಗೆ ಹೇಳಿಬಿಡಿ. ಮೆತ್ತಗಿನ ಅನ್ನ, ತಿಳಿಸಾರು, ಮೊಸರು. ಮೆನುವಿನಲ್ಲಿ ಇಲ್ಲದಿದ್ದರೂ ಮಾಡಿಕೊಡುತ್ತಾರೆ. ಸೋಮವಾರದ ತಿಂಡಿ ಮಾತ್ರ ಹೋಟೆಲಿನಲ್ಲಿ ಬೇಡ, ಆಟೋ ಮಾಡಿಕೊಂಡು ನಜರ್‌ಬಾದ್‌ಗೆ ಹೋಗಿ ಮೈಲಾರಿ ದೋಸೆ ತಿನ್ನಿಸಿ.

ಇನ್ನೊಬ್ಬ ಸದಸ್ಯರು (ಮಂಗಳೂರು):

ದಸರಾಕ್ಕೆ ಹೀಗೆ ಉಳಿಯಬಹುದಾ ಸರ್?

ಉತ್ತರ:

ಹಿರಿಯರ ಜೊತೆ ಬೇಡ. ನೀವೇ ಬರುವುದಾದರೆ ವಿಜಯದಶಮಿಯ ಹಿಂದಿನ ದಿನವೇ ಬಂದು ಸೇರಿಕೊಳ್ಳಿ. ಜಂಬೂಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಸುಮಾರು 5 ಕಿಲೋಮೀಟರ್ ಹೋಗುತ್ತದೆ. ಆ ದಿನ ಊರ ನಡುವಿನ ರಸ್ತೆಗಳನ್ನು ಮುಚ್ಚುತ್ತಾರೆ, ನಿಮ್ಮ ಗಾಡಿ ಹೋಟೆಲ್ ಗೇಟಿಗೆ ಬರುವುದಿಲ್ಲ. ದರ ಏರಿರುತ್ತದೆ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುತ್ತದೆಯಾ ಅಂತ ಕೇಳಿಯೇ ಕಟ್ಟಿ.

ಹುಬ್ಬಳ್ಳಿಯ ಸದಸ್ಯೆ (ಎರಡು ದಿನದ ನಂತರ):

ಸರ್, ಬುಕ್ ಮಾಡಿದೆ. ಮಾರ್ಕೆಟ್ಟಿಗೆ ಹತ್ತಿರದ ಹಳೇ ಕಟ್ಟಡವೇ. ಭಾನುವಾರ, ಸೋಮವಾರ. ನೆಲಮಹಡಿ, ತೋಟದ ಕಡೆ. ಹೊಸ್ತಿಲು ಕೇಳಿದೆ, ಅವರು ಟೇಪ್ ಹಿಡಿದು ಅಳೆದು ಫೋಟೋ ಕಳಿಸಿದರು. ನಾಲ್ಕು ಇಂಚು ಇದೆ. ವರಾಂಡದಲ್ಲಿ ಬಿಳಿ ಕಮಾನು ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ:

ಟೇಪ್ ಹಿಡಿದು ಅಳೆದರು ಅಂದರೆ ಒಳ್ಳೆಯ ಹೋಟೆಲ್ ಮೇಡಂ, ಧೈರ್ಯವಾಗಿ ಹೋಗಿ. ನಾಲ್ಕು ಇಂಚಿಗೆ ಹೊಸ್ತಿಲ ಎರಡೂ ಕಡೆ ರಬ್ಬರ್ ಮ್ಯಾಟ್ ಹಾಕಿಸಿ, ರಾತ್ರಿ ಬಾತ್‌ರೂಮ್ ದೀಪ ಆರಿಸಬೇಡಿ. ರೂಮ್ ನಂಬರನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಶಿಫ್ಟ್ ಬದಲಾದರೆ ಮರೆತು ಹೋಗುತ್ತದೆ. ಮೂವರ ಗುರುತಿನ ಚೀಟಿಯೂ ಜೊತೆಗಿರಲಿ.

ಐವತ್ತನೇ ವರ್ಷ ಅಂತ ಅವರಿಗೆ ಹೇಳಿದಿರಾ? ಹೇಳಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ಮಂಚದ ಮೇಲೆ ಗುಲಾಬಿ ಎಸಳು ಬೇಡ, ತಾಯಿಯವರಿಗೆ ಎರಡು ಮಾರು ಮೈಸೂರು ಮಲ್ಲಿಗೆ ತರಿಸಿಡಿ ಅನ್ನಿ.