ಥೈರಾಯ್ಡ್ ತೆಗೆದ ಮೂರನೇ ದಿನ ತುಟಿ ಜುಮ್ಮೆನ್ನುತ್ತಿದೆ: ಮಾತ್ರೆ ಸಾಕೇ, ಡ್ರಿಪ್ ಬೇಕೇ?

ಪ್ರಶ್ನೆ:
ಇಡೀ ಥೈರಾಯ್ಡ್ ತೆಗೆದು ಮೂರನೇ ದಿನ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ರಕ್ತದಲ್ಲಿ ಕ್ಯಾಲ್ಸಿಯಂ 7.6 ಮಿ.ಗ್ರಾಂ./ಡೆ.ಲೀ., ಆಲ್ಬುಮಿನ್ (ಕ್ಯಾಲ್ಸಿಯಂ ಹಿಡಿದಿಡುವ ರಕ್ತದ ಪ್ರೋಟೀನ್) 3.2 ಗ್ರಾಂ/ಡೆ.ಲೀ. ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ. ದಿನಕ್ಕೆರಡು, ವಾರಕ್ಕೊಮ್ಮೆ ವಿಟಮಿನ್ ಡಿ3. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್ ಮಾತ್ರೆ), ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ), ಕ್ಯಾಲ್ಸಿಯಂ ಮೂರೂ ಒಟ್ಟಿಗೆ. ಏನು ಬದಲಿಸಬೇಕು?

ಉತ್ತರ 1:
ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿದರೆ 8.24. ಅಷ್ಟೇನೂ ಕೆಟ್ಟದ್ದಲ್ಲ, ಆದರೆ ಲಕ್ಷಣ ಇರುವಾಗ ಲೆಕ್ಕವನ್ನು ನಂಬಿ ಕೂರಬೇಡಿ. ಅಯಾನೈಸ್ಡ್ ಕ್ಯಾಲ್ಸಿಯಂ (ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಭಾಗ) ಮಾಡಿಸಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್), ಮೆಗ್ನೀಸಿಯಂ ಕೂಡ. ಥೈರಾಯ್ಡ್ ಹಿಂದೆ ಅಂಟಿಕೊಂಡು ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ರಕ್ತ ಕೊಡುವ ಸಣ್ಣ ನಾಳಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ತಳ ಮುಟ್ಟುವುದು ಸಾಮಾನ್ಯವಾಗಿ 2ರಿಂದ 4ನೇ ದಿನದಲ್ಲೇ.

ಉತ್ತರ 2:
ಮೊದಲು ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ 40% ಮಾತ್ರ: 1250ರ ಮಾತ್ರೆಯಲ್ಲಿ 500, ನಿಮ್ಮ 500ರಲ್ಲಿ ಬರೀ 200. ಈ ಹಂತದಲ್ಲಿ ದಿನಕ್ಕೆ 1ರಿಂದ 3 ಗ್ರಾಂ ಶುದ್ಧ ಕ್ಯಾಲ್ಸಿಯಂ, ಮೂರು ನಾಲ್ಕು ಸಲಕ್ಕೆ ಹಂಚಿ, ಊಟದ ಜೊತೆ ಕೊಡುತ್ತಾರೆ. ಥೈರಾಕ್ಸಿನ್‌ಗೂ ಇದಕ್ಕೂ 4 ಗಂಟೆ ಅಂತರ ಇರಲಿ, ಇಲ್ಲವಾದರೆ ಥೈರಾಕ್ಸಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಪ್ಯಾಂಟೊಪ್ರಜೋಲ್ ನಿಲ್ಲಿಸಲಾಗದಿದ್ದರೆ ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬದಲಿಸಿ. ಕಾರ್ಬೊನೇಟ್ ಕರಗಲು ಆಮ್ಲ ಬೇಕು.

ಡಿ3 ಇಲ್ಲಿ ತಕ್ಷಣಕ್ಕೆ ಕೆಲಸಕ್ಕೆ ಬಾರದು. ಅದನ್ನು ಮೂತ್ರಪಿಂಡ ಸಕ್ರಿಯಗೊಳಿಸಲು ಪಿಟಿಎಚ್ ಬೇಕು, ಈಗ ಕೊರತೆಯಾಗಿರುವುದೇ ಅದು. ಕ್ಯಾಲ್ಸಿಟ್ರಿಯಾಲ್ (ಈಗಾಗಲೇ ಸಕ್ರಿಯವಾದ ವಿಟಮಿನ್ ಡಿ) 0.25ರಿಂದ 0.5 ಮೈಕ್ರೋಗ್ರಾಂ ದಿನಕ್ಕೆರಡು ಸಲ, ಸರ್ಜನ್‌ರನ್ನು ಕೇಳಿ ಶುರುಮಾಡಿ.

ಉತ್ತರ 3:
ಕೈ ಸೆಟೆದು ಬೆರಳು ಕೂಡಿಕೊಂಡರೆ, ಗಂಟಲು ಬಿಗಿದರೆ, ಇಸಿಜಿಯಲ್ಲಿ ಕ್ಯೂಟಿ (ಹೃದಯದ ವಿದ್ಯುತ್ ಚಕ್ರದ ಒಂದು ಅಂತರ) ಉದ್ದವಾದರೆ ಮಾತ್ರೆಯ ಮಾತು ಬಿಡಿ. ಆಸ್ಪತ್ರೆಯಲ್ಲಿ 10% ಕ್ಯಾಲ್ಸಿಯಂ ಗ್ಲುಕೋನೇಟ್ 10–20 ಮಿ.ಲೀ., 5% ಡೆಕ್ಸ್‌ಟ್ರೋಸ್ 50–100 ಮಿ.ಲೀ.ಯಲ್ಲಿ ಬೆರೆಸಿ 10–20 ನಿಮಿಷದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ, ಹೃದಯದ ಮಾನಿಟರ್ ಹಾಕಿಯೇ. ಅದೇ ಲೈನ್‌ನಲ್ಲಿ ಬೈಕಾರ್ಬೊನೇಟ್, ಫಾಸ್ಫೇಟ್ ಬೇಡ, ಗಸಿ ಕಟ್ಟುತ್ತದೆ. ಪರಿಣಾಮ ಎರಡು ಮೂರು ಗಂಟೆಯಷ್ಟೇ. ಹಿಂದೆಯೇ ನಿಧಾನದ ಡ್ರಿಪ್ ಬೇಕಾಗಬಹುದು.

ಪ್ರಶ್ನೆ ಕೇಳಿದವರು:
ಮೆಗ್ನೀಸಿಯಂ 1.2 ಮಿ.ಗ್ರಾಂ./ಡೆ.ಲೀ. ಬಂದಿದೆ.

ಉತ್ತರ 1:
ಅದು ಕಡಿಮೆ, ಹಾಗಾದರೆ ಅದನ್ನೂ ತುಂಬಿಸಿ. ಮೆಗ್ನೀಸಿಯಂ ಕಡಿಮೆಯಿದ್ದರೆ ಉಳಿದ ಪ್ಯಾರಾಥೈರಾಯ್ಡ್ ಗ್ರಂಥಿಗಳೂ ಸರಿಯಾಗಿ ಪಿಟಿಎಚ್ ಬಿಡುವುದಿಲ್ಲ, ಎಷ್ಟು ಕ್ಯಾಲ್ಸಿಯಂ ಸುರಿದರೂ ಅಂಕಿ ಏರದು. ಮೂತ್ರಪಿಂಡ ಸರಿಯಿದೆಯೇ ಎಂದು ನೋಡಿಕೊಂಡು ಕೊಡಿ.